ನಿನ್ನೆಯ ನೀರು

ಹೋದ ತಿಂಗಳು ಮುಂಡಗೋಡದ ನಮ್ಮ ಹೈಸ್ಕೂಲಿನಲ್ಲಿ ನೀರೆತ್ತುವ ಮೋಟರ್ ಸುಟ್ಟುಹೋಯಿತು. ಎರಡನೇ ಪಿರಿಯಡ್ ನಡೆದಿತ್ತು. ಸುಟ್ಟ ವಾರ್ನಿಶ್ಶಿನ ಗಬ್ಬು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಹುಡುಗಿಯರು ಮೂಗಿಗೆ ವೇಲ್ ಹಿಡಿದರು. ಹೊರಗೆ ಹೆಡ್‌ಮಾಸ್ತರು ಓಡಿಬಂದು ಕೇಳಿದ ಮೊದಲ ಮಾತು: “ಮೋಟರ್ ಹತ್ರ ಯಾರಿದ್ರು? ಯಾರ ಡ್ಯೂಟಿ ಇತ್ತು?” ಮೋಟರ್ ಯಾಕೆ ಸುಟ್ಟಿತು ಎಂದು ಅವರು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಮಕ್ಕಳಿಗೆ ಚಿತ್ರ ಬರೆದುಕೊಳ್ಳಲು ಹೇಳಿ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ವಾಸನೆಗಲ್ಲ, ದಾಂಡೇಲಿಯ ಆ ಒಂದು ಬೇಸಿಗೆ ನೆನಪಾಗಿ.

ನಾನು ವಿಜ್ಞಾನ ಕಲಿಸುವವಳು. ಆ ವರ್ಷ ದಾಂಡೇಲಿಗೆ ವರ್ಗವಾಗಿತ್ತು. ಗಂಡನಿಗೆ ಮುಂಡಗೋಡದ ಅಂಗಡಿ ಬಿಟ್ಟು ಬರಲಾಗದು. ನಾನೊಬ್ಬಳೇ ಹೋಗಿ ನಾಲ್ಕು ಮಹಡಿಯ, ಹದಿನಾರು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಚಿಕ್ಕ ಮನೆ ಹಿಡಿದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ, ಸೋಮವಾರ ಬೆಳಿಗ್ಗೆ ವಾಪಸ್ಸು. ದಾಂಡೇಲಿಯ ಸೆಕೆಗೆ ಎರಡು ವಾರದಲ್ಲಿ ಮೈ ಒಗ್ಗಿತು. ಆ ಕಟ್ಟಡದ ಮಂದಿಗೆ ಮಾತ್ರ ಕೊನೆಯ ತನಕ ನನ್ನ ಮನಸ್ಸು ಒಗ್ಗಲಿಲ್ಲ.

ಮೆಟ್ಟಿಲಿನ ಮೂಲೆ ಮೂಲೆಗೂ ಗುಟ್ಕಾದ ಕೆಂಪು. ಮಟಮಟ ಮಧ್ಯಾಹ್ನವೂ ಮೆಟ್ಟಿಲಿನ ದೀಪಗಳು ಉರಿಯುತ್ತಿದ್ದವು, ಯಾಕೆಂದರೆ ಆ ಸ್ವಿಚ್ಚು ಯಾರ ಮನೆಯದೂ ಅಲ್ಲ. ಒಂದನೇ ಮಹಡಿಯಿಂದ ಕೆಳಗಿಳಿಯಲು ಲಿಫ್ಟ್ ಕರೆಯುವವರೇ ಸಂಜೆ ಆರೋಗ್ಯ ಆರೋಗ್ಯ ಎನ್ನುತ್ತ ನದಿಯ ದಂಡೆಯ ತನಕ ವಾಕಿಂಗ್ ಹೋಗುತ್ತಿದ್ದರು. ಏಸಿ ಹಾಕಿಕೊಂಡು, ಥಂಡಿಯಾಯಿತೆಂದು ಚಾದರ ಹೊದ್ದು ಮಲಗುವ ಮನೆಗಳಿದ್ದವು. ಸೇರಿದ ಹೊಸತರಲ್ಲಿ ಅಪಾರ್ಟ್‌ಮೆಂಟ್ ಕಮಿಟಿಯ ಒಂದು ಮೀಟಿಂಗಿನಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಹೇಳಿದ್ದೇ ತಪ್ಪಾಯಿತು. “ಅಕ್ಕೋರಿಗೆ ಎಲ್ಲಾ ಗೊತ್ತೈತಿ, ಬರೀಲಿಕ್ಕೂ ಬರ್ತೈತಿ. ಅವರೇ ಸೆಕ್ರೆಟರಿ ಆಗ್ಲಿ” ಎಂದು ಚೇರ್ಮನ್ ಪಾಟೀಲರು ಆ ಗಂಟನ್ನು ನನ್ನ ಕೊರಳಿಗೆ ಕಟ್ಟಿದರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಪಾಟೀಲರು ಯಾವುದೋ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವ ಅವರ ಕಲೆ ಮಾತ್ರ ನಿವೃತ್ತವಾಗಿರಲಿಲ್ಲ.

ಸೆಕ್ರೆಟರಿ ಆದಮೇಲೆ ನಾನು ನೋಟೀಸು ಬರೆಯತೊಡಗಿದೆ. ಒಂದು ಮಹಡಿ ಇಳಿಯಲು ಕಾಲು ಸಾಕು. ಕೋಣೆಯಿಂದ ಹೊರಗೆ ಬಂದರೆ ಫ್ಯಾನು ಬಂದ್ ಮಾಡಿ. ಗೀಸರ್ ಸ್ನಾನಕ್ಕೆ ಮುಂಚೆ ಹಚ್ಚಿ, ಮುಂಜಾನೆಯಿಂದ ಸಂಜೆಯ ತನಕ ಬೇಡ. ಬಟ್ಟೆ ತೊಳೆದ ನೀರು ಬಚ್ಚಲು ತೊಳೆಯಲು ಬರುತ್ತದೆ. ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಲಿಫ್ಟಿನ ಪಕ್ಕ ಅಂಟಿಸಿದೆ. ಮೂರನೇ ದಿನ ಯಾರೋ ಅದರ ಮೇಲೆ ಉಗುಳಿದ್ದರು. ಉಗುಳಿದವನ ಗುರಿ ಚೆನ್ನಾಗಿತ್ತು, ಸರಿಯಾಗಿ ನನ್ನ ಸಹಿಯ ಮೇಲೆ ಬಿದ್ದಿತ್ತು.

ಆ ನೋಟೀಸನ್ನು ಕಿತ್ತು ಗೋಡೆ ಒರೆಸಿದವಳು ನೀಲವ್ವ. ಮೆಟ್ಟಿಲು ಗುಡಿಸಿ ತೊಳೆಯುವುದು, ಹಾಲು ತಂದು ಮನೆ ಮನೆಗೆ ಇಡುವುದು, ನೀರಿನ ಮೋಟರ್ ಹಚ್ಚಿ ಬಂದ್ ಮಾಡುವುದು ಅವಳ ಕೆಲಸ. ಕಲಘಟಗಿ ಕಡೆಯವಳು. ಕಾಗದದ ಮಿಲ್ಲಿನ ಲಾರಿಗಳಿಗೆ ಹಮಾಲಿ ಮಾಡುತ್ತಿದ್ದ ಗಂಡನ ಜೊತೆ ಬಂದು ಇಲ್ಲೇ ಉಳಿದವಳು. ಗಂಡ ತೀರಿಕೊಂಡ ಮೇಲೆ ಪಾರ್ಕಿಂಗಿನ ಮೂಲೆಯಲ್ಲಿ ಮೋಟರಿನ ಪಕ್ಕದ ಕೋಣೆಯೇ ಅವಳ ಮನೆಯಾಗಿತ್ತು. ಕೆಲಸವಿದ್ದರೆ ಕೋಣೆ, ಕೆಲಸ ಹೋದರೆ ಕೋಣೆಯೂ ಹೋಯಿತು. ನನ್ನ ನೋಟೀಸು ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಬೆಳಗಾದ ಕೂಡಲೇ ಪೊರಕೆಯ ಹಿಡಿಕೆಯಿಂದ ಮೆಟ್ಟಿಲಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತಿದ್ದವಳು ಅವಳೊಬ್ಬಳೇ; ಮಧ್ಯಾಹ್ನದೊಳಗೆ ಯಾರಾದರೂ ಮತ್ತೆ ಹಚ್ಚಿರುತ್ತಿದ್ದರು. ನನ್ನ ಮನೆಯ ಇನ್ನೊಂದು ಚಾವಿಯನ್ನು ಹಾಲು ಒಳಗಿಡಲೆಂದು ಅವಳ ಕೈಗೇ ಕೊಟ್ಟಿದ್ದೆ. ಆ ಕಟ್ಟಡದಲ್ಲಿ ಬೇರೆ ಯಾರ ಕೈಗೂ ನಾನು ಕೊಡುತ್ತಿರಲಿಲ್ಲ.

ಶಿವರಾತ್ರಿ ಮುಗಿದ ಮೇಲೆ ನಮ್ಮ ಬೀದಿಗೆ ನಳದ ನೀರು ಎರಡು ದಿನಕ್ಕೊಮ್ಮೆ ಆಯಿತು. ಬೀದಿಯ ನೀರು ಮೊದಲು ನೆಲದೊಳಗಿನ ಟಾಕಿಗೆ ಬೀಳಬೇಕು, ಅಲ್ಲಿಂದ ಮೋಟರ್ ಅದನ್ನು ತಾರಸಿಯ ಟಾಕಿಗೆ ಎತ್ತಬೇಕು, ಆಮೇಲೆ ನಮ್ಮ ನಳಗಳಿಗೆ. ಮೇಲಿನ ಟಾಕಿ ತುಂಬಿದರೆ ಒಂದು ಪೈಪಿನಿಂದ ನಾಲ್ಕು ಹನಿ ನೀಲವ್ವನ ಕೋಣೆಯ ತಗಡಿನ ಮೇಲೆ ಬೀಳುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಅವಳು ಮೋಟರ್ ಬಂದ್ ಮಾಡುತ್ತಿದ್ದಳು. ವರ್ಷಗಟ್ಟಲೆ ಆ ಕಟ್ಟಡದ ನೀರು ನಡೆದದ್ದು ಅವಳ ಕಿವಿಯ ಮೇಲೆ.

ನೀರು ಬಂದ ಮುಂಜಾನೆ ಅವಳು ಕೆಳಗೆ ನಿಂತು “ನೀರ ಬಂದಾವ್ರೀ” ಎಂದು ಕೂಗುತ್ತಿದ್ದಳು. ಕೂಗಿದ ಮರುಗಳಿಗೆ ಹದಿನಾರು ಅಡಿಗೆಮನೆಗಳಲ್ಲಿ ಒಂದೇ ಸದ್ದು. ಮೊದಲ ಸಲ ನನಗೆ ಅರ್ಥವೇ ಆಗಲಿಲ್ಲ. ಎಲ್ಲರೂ ತುಂಬಿದ ಕೊಡಗಳನ್ನು ಸಿಂಕಿಗೆ ಬೋರಲು ಹಾಕುತ್ತಿದ್ದರು. ತಾಮ್ರದ ಹಂಡೆ, ಸ್ಟೀಲಿನ ಕೊಡ, ಫಿಲ್ಟರಿನ ಕ್ಯಾನು, ಬಕೆಟ್ಟು, ಡ್ರಮ್ಮು, ಮೊನ್ನೆ ತುಂಬಿಟ್ಟದ್ದೆಲ್ಲ ಭಡಭಡ ಮೋರಿಗೆ. ಆಮೇಲೆ ಎಲ್ಲ ನಳಗಳನ್ನೂ ಒಮ್ಮೆಗೇ ಬಿಚ್ಚಿ ಮತ್ತೆ ತುಂಬುವುದು. ಎರಡು ದಿನ ನೀರಿಲ್ಲ ನೀರಿಲ್ಲ ಎಂದು ಬಾಯಿ ಬಡಿದುಕೊಂಡವರು, ನೀರು ಬಂದ ದಿನ ಮೊದಲು ಮಾಡುವ ಕೆಲಸ ನೀರು ಚೆಲ್ಲುವುದು!

ಎರಡನೇ ಮಹಡಿಯ ಸುಮಿತ್ರಾಬಾಯಿ ಈ ವಿಷಯದಲ್ಲಿ ಎಲ್ಲರ ಗುರು. ಆಕೆಯ ಮನೆಯಲ್ಲಿ ಮಾತ್ರ ಏಳು ಕೊಡ. ನಾನು ಕೇಳಿದ್ದಕ್ಕೆ ಕಣ್ಣು ದೊಡ್ಡದು ಮಾಡಿ ಹೇಳಿದರು: “ಮತ್ತೇನ್ ಮಾಡೂದ್ರಿ ಅಕ್ಕೋರ? ಹೊಸಾ ನೀರ ಬಂದಮ್ಯಾಲೂ ತಂಗಳ ನೀರ ಕುಡೀಬೇಕೇನು? ಥೂ!”

“ನೀರು ತಂಗಳಾಗೂದಿಲ್ರಿ. ಮುಚ್ಚಿಟ್ರ ನಾಲ್ಕ ದಿನ ಏನೂ ಆಗೂದಿಲ್ಲ” ಎಂದೆ.

“ನಿಮ್ಮ ಪುಸ್ತಕದಾಗ ಆಗ್ಲಿಕ್ಕಿಲ್ಲ. ನಮ್ಮ ಮನ್ಯಾಗ ಆಕ್ಕಾವು.”

ನಿಜವಾದ ಹೇಸಿಗೆ ನನಗೆ ಹುಟ್ಟಿದ್ದು ಆಗ. ಅನ್ನ ತಂಗಳಾಗುತ್ತದೆ, ಸಾರು ಹಳಸುತ್ತದೆ, ಸರಿ. ಕಾಳಿ ನದಿಯ ನೀರು ಹೋದ ಮಳೆಗಾಲದಿಂದ ಮೇಲೆ ಸೂಪಾ ಅಣೆಕಟ್ಟಿನಲ್ಲಿ ನಿಂತೇ ಇರುತ್ತದೆ. ಅಲ್ಲಿ ಟರ್ಬೈನು ತಿರುಗಿಸಿ ಕರೆಂಟು ಕೊಡುತ್ತದೆ, ಅದೇ ಕರೆಂಟು ಮೋಟರ್ ತಿರುಗಿಸಿ ಅದೇ ನೀರನ್ನು ನಾಲ್ಕು ಮಹಡಿ ಮೇಲಕ್ಕೆ ಎತ್ತುತ್ತದೆ, ಇವರು ಎರಡನ್ನೂ ಒಟ್ಟಿಗೇ ಮೋರಿಗೆ ಸುರಿಯುತ್ತಾರೆ. ಸುಮಿತ್ರಾಬಾಯಿಗೆ ಇದನ್ನು ಹೇಳಿದೆ. “ಅದು ಹೊಳಿ ನೀರ್ರಿ, ಹರಿಯೂ ನೀರು” ಎಂದು ಬಾಗಿಲು ಹಾಕಿಕೊಂಡರು.

ಚೆಲ್ಲುವ ಬದಲು ನೀಲವ್ವನಿಗಾದರೂ ಕೊಡಿ ಎಂದು ಒಂದನೇ ಮಹಡಿಯವರಿಗೆ ಕೇಳಿ ನೋಡಿದೆ. ಅದಕ್ಕೂ ತಯಾರಿಲ್ಲ. ತಂಗಳ ನೀರನ್ನು ಇನ್ನೊಬ್ಬರಿಗೆ ಕೊಡುವುದು ಮರ್ಯಾದೆಯಲ್ಲವಂತೆ. ಮೋರಿಗೆ ಸುರಿದರೆ ಮರ್ಯಾದೆ ಉಳಿಯುತ್ತದೆ! ನೀಲವ್ವ ಒಂದು ಉಪಾಯ ಮಾಡಿದಳು. ಹಿಂದಿನ ಗೋಡೆಯಲ್ಲಿ ಇಳಿದುಬರುವ ಸಿಂಕಿನ ಪೈಪಿನ ತಿರುವು ಬಿಚ್ಚಿ, ಮುಂಜಾನೆ ಆ ಚೆಲ್ಲುವ ಹೊತ್ತಿಗೆ ಮಾತ್ರ ಡ್ರಮ್ಮು ಹಿಡಿದಳು. ಆ ನೀರಿನಿಂದ ಮೆಟ್ಟಿಲು ತೊಳೆದಳು. ಎರಡೇ ದಿನಕ್ಕೆ ದೂರು ಬಂತು. ನಮ್ಮ ಮುಸುರೆ ನೀರಿನಿಂದ ನಮ್ಮ ಬಾಗಿಲ ಮುಂದೆ ಸಾರಿಸುತ್ತಾಳೆ, ಥೂ, ಹೊಲಸು. ಪಾಟೀಲರು ಅವಳನ್ನು ಕರೆದು, ಮೆಟ್ಟಿಲು ತೊಳೆಯಲು ಕುಡಿಯುವ ನೀರನ್ನೇ ಬಳಸಬೇಕೆಂದು ಅಪ್ಪಣೆ ಮಾಡಿದರು. ಆ ಮೆಟ್ಟಿಲಿನ ಮೇಲೆ ಗುಟ್ಕಾ ಉಗುಳುವವರು ದೂರು ಕೊಟ್ಟ ಆ ಮಂದಿಯೇ.

ಏಪ್ರಿಲ್‌ಗೆ ಮುಂಚೆಯೇ ಮೋಟರ್ ಒಂದು ಸಲ ಸುಟ್ಟಿತು. ಎಲ್ಲರೂ ಚೆಲ್ಲಿ ಎಲ್ಲರೂ ತುಂಬುವ ಗದ್ದಲದಲ್ಲಿ ಮೇಲಿನ ಟಾಕಿ ತುಂಬಲೇ ಇಲ್ಲ, ತಗಡಿನ ಮೇಲೆ ಹನಿ ಬೀಳಲಿಲ್ಲ. ಕೆಳಗಿನ ಟಾಕಿ ಒಣಗಿತು, ಮೋಟರ್ ಬರಿದೇ ತಿರುಗಿ ಹೊಗೆ ಕಾರಿತು. ಹಳಿಯಾಳ ರಸ್ತೆಯ ಮೆಕ್ಯಾನಿಕ್ ರಫೀಕ್ ಬಂದು ಬಿಚ್ಚಿ, ಕಪ್ಪಾದ ತಂತಿಯ ಸುರುಳಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ. “ವಾಸನಿ ನೋಡ್ರಿ ಟೀಚರ್. ಇದು ನೀರಿಲ್ಲದ ಸುಟ್ಟದ್ದು. ಮೋಟರಿಂದೂ ತಪ್ಪಿಲ್ಲ, ಈ ಅವ್ವಂದೂ ತಪ್ಪಿಲ್ಲ.” ಆಮೇಲೆ ಪಾಟೀಲರ ಕಡೆ ತಿರುಗಿ, “ನೀರ ತೀರಿದ್ರ ತಾನ ಬಂದ್ ಆಗೂ ಸ್ವಿಚ್ ಬರ್ತೈತ್ರಿ ಸಾಹೇಬ್ರ, ಹಾಕಿಬಿಡ್ಲೇನು?” ಎಂದ.

“ನೀಲವ್ವ ಅದಾಳಲ್ಲ, ಸ್ವಿಚ್ ಯಾಕ?” ಎಂದರು ಪಾಟೀಲರು. ನಡುವೆ ನಿಲ್ಲಿಸಿ ನಿಲ್ಲಿಸಿ ಹಚ್ಚಿದರೆ ಆಗುವುದಿಲ್ಲವೇ ಎಂದು ನೀಲವ್ವ ಕೇಳಿದಳು. ಎಲ್ಲರ ಕೊಡ ತುಂಬುವ ತನಕ ಮೋಟರ್ ನಿಲ್ಲಿಸಕೂಡದು ಎಂದು ಅವಳಿಗೆ ಹೇಳಿದವರೂ ಅವರೇ, “ಇನ್ನೊಮ್ಮೆ ಸುಟ್ರ ನಿನ್ನ ಗಂಟು ಕಟ್ಟಬೇಕಾಕ್ಕೈತಿ ನೋಡು” ಎಂದು ಬೆದರಿಸಿದವರೂ ಅವರೇ. ನೀಲವ್ವ ತಲೆ ಅಲ್ಲಾಡಿಸಿ ಪೊರಕೆ ಎತ್ತಿಕೊಂಡು ಹೋದಳು.

ನನಗೆ ರೋಷ ಬಂತು. ಯುಗಾದಿಯ ಮರುದಿನ ಕಮಿಟಿಯವರನ್ನೆಲ್ಲ ಚಹಕ್ಕೆ ಕರೆದೆ. ಮೊದಲು ಎಲ್ಲರಿಗೂ ಗಾಜಿನ ಲೋಟದಲ್ಲಿ ನೀರು ಕೊಟ್ಟೆ. ಬಿಸಿಲಲ್ಲಿ ಬಂದವರು ಗಟಗಟ ಕುಡಿದರು. “ಏನ್ ಥಂಡಗ ಅದಾವ್ರೀ, ಅಮೃತ ಅಮೃತ” ಎಂದು ಪಾಟೀಲರು ಇನ್ನೊಂದು ಲೋಟ ಇಸಿದುಕೊಂಡರು. ಸುಮಿತ್ರಾಬಾಯಿ, ಯಾವ ಫಿಲ್ಟರು ಎಂದು ಕೇಳಿದರು. ನಾನು ಅಡಿಗೆಮನೆಯಿಂದ ಮಣ್ಣಿನ ಮಡಕೆಯನ್ನು ಎತ್ತಿ ತಂದು ನಡುಮನೆಯಲ್ಲಿ ಇಟ್ಟೆ. “ಫಿಲ್ಟರ್ ಇಲ್ರಿ. ಇದು ನಾಲ್ಕ ದಿನದ ಹಿಂದಿನ ನೀರು.”

ಆ ಮುಖಗಳನ್ನು ಈಗಲೂ ನೆನೆದು ನಗಬಲ್ಲೆ. ಪಾಟೀಲರು ಲೋಟವನ್ನು ಕೆಳಗಿಟ್ಟು ಬೆರಳು ಒರೆಸಿಕೊಂಡರು. ಸುಮಿತ್ರಾಬಾಯಿ ಸೀದಾ ಸಿಂಕಿಗೆ ಹೋಗಿ, ನಳ ಪೂರ್ತಿ ಬಿಚ್ಚಿ, ಏಳೆಂಟು ಸಲ ಬಾಯಿ ಮುಕ್ಕಳಿಸಿದರು. “ಮನಿಗೆ ಕರದು ಹಿಂಗ ಮಾಡೂದೇನ್ರಿ?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಚಹ ಯಾರೂ ಕುಡಿಯಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ರಾದ್ಧಾಂತವಾದದ್ದು ನನಗೆ ಖುಷಿಯೇ ಆಗಿತ್ತು. ಆ ಮೇಲೆ ಒಂದು ತಿಂಗಳು ಮೆಟ್ಟಿಲಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಅವರೆಲ್ಲ ಹೊಲಸರು, ನಾನೊಬ್ಬಳು ತಿಳಿದವಳು ಎಂಬ ಸೊಕ್ಕಿನಲ್ಲಿ ಇಳಿಯುತ್ತಿದ್ದೆ, ಹತ್ತುತ್ತಿದ್ದೆ. ನೋಟೀಸುಗಳು ಇನ್ನೂ ಉದ್ದವಾದವು.

ಆಗ ಪರೀಕ್ಷೆಯ ಕಾಲ. ಒಂದು ಮುಂಜಾನೆ ನನಗೆ ಹಳಿಯಾಳದ ಒಂದು ಕೇಂದ್ರದಲ್ಲಿ ಮೇಲ್ವಿಚಾರಣೆಯ ಕೆಲಸವಿತ್ತು. ಎದ್ದು ಅಡಿಗೆಮನೆಯ ನಳ ತಿರುಗಿಸಿದೆ. ಗಾಳಿ ಬುಸ್ಸೆಂದಿತು, ನೀರಿಲ್ಲ. ಬಂದ ಮೇಲೆ ಬರಲಿ ಎಂದು ನಳದ ಕೆಳಗೆ ಕೊಡ ಇಟ್ಟೆ. ಅಷ್ಟರಲ್ಲಿ ಜೊತೆಗೆ ಬರುವ ಟೀಚರ್ ಕೆಳಗಿಂದ ಹಾರ್ನ್ ಹೊಡೆದಳು. ಪರ್ಸು, ಊಟದ ಡಬ್ಬಿ, ಗುರುತಿನ ಚೀಟಿ ಎಂದು ತಡಕಾಡಿ, ಬಾಗಿಲು ಎಳೆದುಕೊಂಡು ಓಡಿದೆ. ನಳ ಬಿಚ್ಚೇ ಇತ್ತು. ನೀರು ಉಳಿಸಿ ಎಂದು ಬರೆದ ಹೊಸ ನೋಟೀಸನ್ನು ದಾಟಿಯೇ ಕೆಳಗಿಳಿದೆ.

ಸಂಜೆ ವಾಪಸ್ಸು ಬಂದಾಗ ಗೇಟಿನಲ್ಲೇ ಆ ವಾಸನೆ ಹೊಡೆಯಿತು. ರಫೀಕ್ ಮೋಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಏನೂ ಕೇಳದೆ ಮೇಲೆ ಹೋಗಿ ಬಾಗಿಲು ತೆರೆದೆ. ಅಡಿಗೆಮನೆಯ ನೆಲ ಒರೆಸಿ ಒಣಗಿತ್ತು. ಬೆಳಿಗ್ಗೆ ಸಿಂಕಿನ ತೂತಿನ ಮೇಲೆ ಬಿಟ್ಟು ಹೋದ ತಟ್ಟೆ ಗೋಡೆಗೆ ಆನಿಸಿತ್ತು. ಕೊಡ ತುಂಬಿ, ಮೇಲೆ ಮುಚ್ಚಳ ಇತ್ತು. ನಳ ಬಂದಾಗಿತ್ತು, ನಾನು ಮಾಡುವುದಕ್ಕಿಂತ ಬಿಗಿಯಾಗಿ. ನನ್ನ ಮನೆಯ ಚಾವಿ ಇದ್ದದ್ದು ಒಬ್ಬಳ ಹತ್ತಿರ. ಏನಾಯಿತೆಂದು ತಿಳಿಯಲು ನನಗೆ ವಿಜ್ಞಾನ ಬೇಕಾಗಲಿಲ್ಲ.

ಹೊತ್ತು ಮುಳುಗುವ ಮುಂಚೆ ಪಾರ್ಕಿಂಗಿನಲ್ಲಿ ಮೀಟಿಂಗು ಸೇರಿತು. ಸೆಕ್ರೆಟರಿ ಎಂದು ನಾನು ಪಾಟೀಲರ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ನಡಾವಳಿಯ ಪುಸ್ತಕ. ನೀಲವ್ವ ಕಂಬಕ್ಕೆ ಆತು ನಿಂತಿದ್ದಳು. ಬೆಳಿಗ್ಗೆ ಮೋಟರಿನಿಂದ ಹೊಗೆ ಬಂದಾಗ ಅವಳು ಅಲ್ಲಿರಲಿಲ್ಲ, ಕೆಳಗೆ ಸ್ಕೂಟರ್ ತೆಗೆಯಲು ಬಂದವರೇ ಮೋಟರ್ ಬಂದ್ ಮಾಡಿದರಂತೆ.

“ಮೋಟರ್ ಬಿಟ್ಟು ಎಲ್ಲಿ ಹೋಗಿದ್ದಿ?” ಪಾಟೀಲರು ಕೇಳಿದರು.

“ತಗಡಿನ ಮ್ಯಾಲ ಹನಿ ಬೀಳ್ಲಿಲ್ರಿ. ಎಲ್ಲೋ ನಳ ಬಿಟ್ಟಾರ ಅಂತ ಅನಸ್ತು. ಮ್ಯಾಲ ಹೋಗಿದ್ದೆ, ಬಾಗಲಾ ಬಾಗಲಕ್ಕ ಕಿವಿ ಕೊಟಗೋತ.”

“ಬಂದ್ ಮಾಡಿ ಹೋಗಾಕ ಏನಾಗಿತ್ತು?”

“ನಡುವ ಬಂದ್ ಮಾಡಬ್ಯಾಡ ಅಂತ ನೀವ ಹೇಳಿದ್ರಲ್ರಿ.”

“ತಿರಗ ಮಾತಾಡ್ತಾಳ ನೋಡ್ರಿ” ಎಂದರು ಸುಮಿತ್ರಾಬಾಯಿ. “ಹಂಗಾರ ಯಾರ ಮನಿ ನಳ ಬಿಟ್ಟಿತ್ತು? ಹೇಳ ಮತ್ತ!”

ನೀಲವ್ವ ಹೇಳಲಿಲ್ಲ. ಒಮ್ಮೆ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿಯನ್ನು ನಾವು ನೋಡುತ್ತೇವಲ್ಲ, ಹಾಗೆ. ಹೇಳಬೇಕಾದದ್ದು ಮೂರೇ ಪದ, ಅದು ನನ್ನ ಮನೆ. ಎದುರಿಗೆ ಸುಮಿತ್ರಾಬಾಯಿಯ ಮುಖ ಕಾಣುತ್ತಿತ್ತು. ನಾಲ್ಕು ದಿನದ ನೀರು ಕುಡಿಸಿ ಬುದ್ಧಿ ಹೇಳಿದ ಅಕ್ಕೋರ ಮನೆಯ ನಳವೇ ಅಂತೆ ಎಂದು ಆಕೆ ಹಳಿಯಾಳ, ಜೋಯಿಡಾದ ತನಕ ನೆಂಟರಿಗೆಲ್ಲ ಫೋನು ಮಾಡಿ ನಗುವುದು ಕೇಳಿಸುತ್ತಿತ್ತು. ಮೀಟಿಂಗು ಮುಗಿಯಲಿ, ಪಾಟೀಲರಿಗೆ ಬೇರೆಯಾಗಿ ಹೇಳಿದರಾಯಿತು ಎಂದುಕೊಂಡೆ. ಇಡೀ ಬೇಸಿಗೆ ಇನ್ನೊಬ್ಬರ ಮೇಲೆ ಪಟ್ಟ ಹೇಸಿಗೆಯನ್ನೆಲ್ಲ ಒಟ್ಟು ಹಾಕಿದರೂ ಆ ಒಂದು ನಿಮಿಷದ ನನ್ನ ಮೇಲಿನ ಹೇಸಿಗೆಗೆ ಸಾಲದು.

“ಸುಳ್ಳ ಹೇಳ್ತಾಳ್ರಿ. ಮ್ಯಾಲ ಯಾರ ಕೂಡೋ ಹರಟಿ ಹೊಡಕೋತ ನಿಂತಿರಬೇಕು” ಎಂದು ಯಾರೋ ಮುಗಿಸಿದರು. ತಿಂಗಳ ಕೊನೆಗೆ ನೀಲವ್ವ ಕೋಣೆ ಖಾಲಿ ಮಾಡಬೇಕು ಎಂದಾಯಿತು. ಅದೇ ಉಸಿರಿನಲ್ಲಿ, ಇನ್ನು ಮುಂದೆ ರಫೀಕ್ ಹೇಳಿದ ಆ ತಾನೇ ಬಂದ್ ಆಗುವ ಸ್ವಿಚ್ಚು ಹಾಕಿಸುವುದು ಎಂದೂ ಆಯಿತು. ಕೊನೆಗೆ ಪಾಟೀಲರು ಎದ್ದು ನಿಂತು, ಏನೇ ಆಗಲಿ, ನೀರು ಮತ್ತು ಕರೆಂಟಿನ ಉಳಿತಾಯದ ಬಗ್ಗೆ ಎಲ್ಲರಿಗೂ ತಿಳಿವಳಿಕೆ ಕೊಡುತ್ತಿರುವ ಸೆಕ್ರೆಟರಿ ಅಕ್ಕೋರಿಗೆ ವಂದನೆಗಳು ಎಂದರು. ಒಂದು ತಿಂಗಳು ಮಾತು ಬಿಟ್ಟವರೆಲ್ಲ ಚಪ್ಪಾಳೆ ತಟ್ಟಿದರು. ನಡಾವಳಿಯನ್ನು ಬರೆಯಬೇಕಾದವಳು ನಾನೇ. ನೀಲವ್ವನ ನಿರ್ಲಕ್ಷ್ಯದಿಂದ ಮೋಟರ್ ಸುಟ್ಟಿತೆಂದು ಬರೆದೆ, ಅದರ ಕೆಳಗೆ ನನಗೆ ಸಲ್ಲಿಸಿದ ವಂದನೆಯನ್ನೂ ಬರೆದೆ, ದುಂಡಗಿನ ಅಕ್ಷರದಲ್ಲಿ. ಓದಿ ಹೇಳಿ ಸಹಿ ಹಾಕಿದೆ.

ಪಾಟೀಲರಿಗೆ ಬೇರೆಯಾಗಿ ಹೇಳುವುದು ಮರುದಿನಕ್ಕೆ ಹೋಯಿತು, ಅದರ ಮರುದಿನಕ್ಕೆ ಹೋಯಿತು. ಉತ್ತರ ಪತ್ರಿಕೆಗಳು ಬಂದವು, ನೆಪ ಸಿಕ್ಕಿತು. ನೀಲವ್ವ ಎಂದಿನಂತೆ ಹಾಲು ಇಟ್ಟು ಹೋಗುತ್ತಿದ್ದಳು. ಅವಳ ಹೆಜ್ಜೆಯ ಸದ್ದು ಕೇಳಿದರೆ ನಾನು ಬಚ್ಚಲ ಮನೆ ಸೇರುತ್ತಿದ್ದೆ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹಳಿಯಾಳದಿಂದ ಅವಳ ತಂಗಿಯ ಗಂಡ ಒಂದು ಟೆಂಪೊ ತಂದ. ಎರಡು ಟ್ರಂಕು, ಒಂದು ಹಾಸಿಗೆ, ಸ್ಟೋವು, ನಾಲ್ಕು ಪಾತ್ರೆ. ತಂಗಿಯದೂ ಒಂದೇ ಕೋಣೆಯ ಬಾಡಿಗೆ ಮನೆ, ಅದರಲ್ಲಿ ಐದು ಜನ. ಫಲಿತಾಂಶದ ಕೆಲಸಕ್ಕೆಂದು ಶಾಲೆಗೆ ಹೊರಟಿದ್ದ ನನ್ನನ್ನು ನೀಲವ್ವ ಮೆಟ್ಟಿಲ ಕೆಳಗೆ ನಿಲ್ಲಿಸಿ, ಸೆರಗಿನ ಗಂಟಿನಿಂದ ಚಾವಿ ಬಿಚ್ಚಿ ಕೈಗೆ ಇಟ್ಟಳು. “ನಿಮ್ಮ ಚಾವಿ ತಗೋರಿ ಅಕ್ಕೋರ. ಬರ್ತೇನ್ರಿ.”

ನನ್ನ ಬಾಯಿಂದ ಬಂದದ್ದು ಕ್ಷಮೆಯಲ್ಲ, ಪ್ರಶ್ನೆ. “ಅವತ್ತ ಮೀಟಿಂಗಿನ್ಯಾಗ ನೀ ಯಾಕ ಹೇಳಲಿಲ್ಲ ನೀಲವ್ವ?”

ಅವಳು ಟೆಂಪೊ ಕಡೆ ಒಮ್ಮೆ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು. “ನೀವ ಹೇಳ್ತೀರಿ ಅಂತ ಸುಮ್ಮನಿದ್ದೆ ನೋಡ್ರಿ.”

ಆಗಲೂ ಹೊತ್ತು ಮೀರಿರಲಿಲ್ಲ. ಪಾಟೀಲರು ಹತ್ತೇ ಹೆಜ್ಜೆ ದೂರದಲ್ಲಿ, ಗೇಟಿನ ಹತ್ತಿರ ಪೇಪರ್ ಓದುತ್ತ ನಿಂತಿದ್ದರು. ನಾನು ಚಾವಿಯನ್ನು ಪರ್ಸಿಗೆ ಹಾಕಿಕೊಂಡು, ಅವರಿಗೆ ನಮಸ್ಕಾರ ಹೇಳಿ, ಶಾಲೆಗೆ ಹೋದೆ.